ಎರಡು ಗುಡ್ಡದ ನಡುವಿನ ತಗ್ಗು

"ಈ ನಡುವಿನ ಕೊಳವಿಯೊಳಗ ಯಾರರ ಅದೀರೇನು?" ಎಂದು ನೀಲಗಂಗಾ ಖಾಲಿ ಅಂಗಳದಲ್ಲಿ ನಿಂತು, ಒಂದೂ ಮಣಿಯಿಲ್ಲದ ನಡುವಿನ ಕೊಳವೆಯತ್ತ ನೋಡುತ್ತ ಕೇಳಿದಳು.

ಗಾಜಿನ ಚಾವಣಿಯ ಕೆಳಗಿದ್ದ ಆ ಊರಿನಲ್ಲಿ ಉಸಿರಾಡುವ ಗಾಳಿಯನ್ನು ಅಳೆದು ಕೊಡುತ್ತಿದ್ದರು. ಅಂಗಳದಲ್ಲಿ ಕಡಿಮೆ ಗಾಳಿಯಿಂದ ಹೆಚ್ಚು ಗಾಳಿಯವರೆಗೆ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿದ್ದರು; ಬೆಳಗಾದರೆ ಪ್ರತಿಯೊಬ್ಬರೂ ತಮಗೆ ಬೇಕಾದ ಗಾಳಿಗೆ ತಕ್ಕ ಕೊಳವೆಯಲ್ಲಿ ಒಂದು ಮಣಿ ಹಾಕುತ್ತಿದ್ದರು. ಮಣಿಗಳು ಎರಡು ಗುಡ್ಡಗಳಾಗಿ ಏಳುತ್ತಿದ್ದವು. ಎಡಗಡೆಯದು ಕೂತು ದುಡಿಯುವವರದು, ಬಲಗಡೆಯದು ಹೆಚ್ಚು ಗಾಳಿ ಬೇಕಾದ ಹಮಾಲರದು. ನಡುವೆ ಬರೀ ತಗ್ಗು. ಹಿಂದಿನ ಅಧಿಕಾರಿ ಶಂಭುಲಿಂಗ ಗುಡ್ಡಗಳ ಕಡೆ ನೋಡದೆ ಸರಾಸರಿ ತೆಗೆದು, ಯಾರೂ ಇಲ್ಲದ ಆ ತಗ್ಗಿನ ಅಳತೆಯನ್ನೇ ಎಲ್ಲರಿಗೂ ಕಟ್ಟಿದ್ದ. ಹಮಾಲನಾಗಿದ್ದ ನೀಲಗಂಗಾಳ ಗಂಡ ಮೂಟೆ ಹೊತ್ತಲ್ಲೇ ಉಸಿರುಗಟ್ಟಿ ಸತ್ತಿದ್ದ.

ಈಗ ಗಾಳಿಯ ಅಧಿಕಾರ ಅವಳದು. ಶಂಭುಲಿಂಗ ಬಾಗಿಲಿಗೆ ಬಂದು ನಿಂತ.

"ಅವ್ವಗ ದಮ್ಮು ಹೆಚ್ಚಾಗೈತ್ರಿ. ಪುರಾಣದ ಒಂದು ಪದ್ಯ ಮುಗಸಾಕ ನಾಕು ಸಲ ನಿಂದರತಾಳ. ಬಲಗಡೆ ಗುಡ್ಡದ ಅಳತಿ ಕೊಡ್ರಿ."

ಆ ಮುದುಕಿ ಓದುವ ಪುರಾಣ ಕೇಳಿಯೇ ನೀಲಗಂಗಾ ಬೆಳೆದಿದ್ದಳು. ಅವಳು ಬಲಗಡೆಯ ಗುಡ್ಡದತ್ತ ಬೆರಳು ತೋರಿಸಿದಳು.

"ಗುಡ್ಡ ಈಗ ಕಾಣಾಕ ಹತ್ತೇತೇನ್ರಿ ಸಾಹೇಬ್ರ?"

"ತಪ್ಪಾತವ್ವ. ಅವ್ವ ಏನ್ ಮಾಡ್ಯಾಳ?"

"ನನ್ನ ಗಂಡರ ಏನ್ ಮಾಡಿದ್ದ? ಊರಿಗೆಲ್ಲ ಅವರವರ ಗುಡ್ಡದ ಅಳತಿ. ನಿಮ್ಮ ಮನಿಗೆ ಮಾತ್ರ ನೀವ ತೆಗೆದ ಸರಾಸರಿ."

"ಆಕಿ ಸಾಯ್ತಾಳ, ನೀಲಗಂಗವ್ವ. ಒಂದೀಟು ಹೆಚ್ಚಿಗಿ ಕೊಡವಾ."

"ಕೊಡಾಂಗಿಲ್ಲ."