ದೊರೆಗೆ ಬೇಕಾದ ಬಿಳಿ ತತ್ತಿ

ಹಂಚಿನ ಮೇಲೆ ತತ್ತಿ ಒಡೆದಾಗ ಏಳುವ ವಾಸನೆಗೆ ಇಂದಿಗೂ ಬುಕ್ಕಸಾಗರದ ಆ ಮಧ್ಯಾಹ್ನ ನೆನಪಾಗುತ್ತದೆ.

ಹೊಸಪೇಟೆ ಬಂಗಲೆಯ ಇಂಗ್ಲಿಷ್ ದೊರೆ ಬಿಳಿ ತತ್ತಿ ಮಾತ್ರ ತಿನ್ನುತ್ತಾನಂತೆ. ಅವನಿಗೆ ಮಾರಲೆಂದು ಅಪ್ಪ ಎಲ್ಲಿಂದಲೋ ಬಿಳಿ ಸೀಮೆ ಹುಂಜ ತಂದು, ನಮ್ಮ ಅಡುಗೆಮನೆಯನ್ನೇ ಕೋಳಿಗೂಡು ಮಾಡಿದ್ದ. ಆ ಹುಂಜಕ್ಕೆ ಹುಟ್ಟಿದ ಮರಿ ಬೆಳೆದು ಅಂದು ಮೊದಲ ತತ್ತಿ ಇಟ್ಟಿತು. ನಮ್ಮ ನಾಟಿ ಕೋಳಿಗಳದ್ದೇ ಹಳೆಯ ಕಂದು ಬಣ್ಣ.

"ಇರ್ಲಿ, ಕಾವಿಗೆ ಇಡು. ಇದರ ಮರಿ ಖರೇನ ಬಿಳೀದು ಇಡ್ತೈತಿ," ಎಂದ ಅಪ್ಪ.

ಕೋಳಿ ಹಿಕ್ಕೆ ಗುಡಿಸುತ್ತಿದ್ದ ಅವ್ವ ಪೊರಕೆ ಬಿಸಾಕಿದಳು. "ಸಾಕು ಮಾಡ್ರಿ! 'ಇದಲ್ಲ, ಮುಂದಿಂದು' ಅಂತ ಐದು ಬಾಣಂತನದಾಗೂ ಇದ ಮಾತು ಕೇಳೀನಿ."

ಗೋಡೆಗೊರಗಿ ಕೂತಿದ್ದ ನಾವು ಐವರು ಹೆಣ್ಣುಮಕ್ಕಳು ಅವ್ವನ ಕಡೆ ತಿರುಗಿದೆವು. ಅವ್ವ ಇನ್ನೂ ಬೆಚ್ಚಗಿದ್ದ ಆ ತತ್ತಿಯನ್ನು ಹಂಚಿನ ಮೇಲೆ ಒಡೆದು, ಅಷ್ಟನ್ನೂ ಕೊನೆಯವಳಾದ ನನ್ನ ಗಂಗಾಳಕ್ಕೆ ಹಾಕಿದಳು.