ಗ್ರೇಡಿ ಕೂಂಬ್ಸನ ಸ್ಕ್ಯಾನಿಂಗ್

ಅಂಗಿಯ ಗುಂಡಿ ಬಿಚ್ಚಿ, ಟೈಯನ್ನು ಹೆಗಲಿಗೆಸೆದು, ಶಾಸಕ ಗ್ರೇಡಿ ಕೂಂಬ್ಸ್ ಸಮಿತಿಯ ಉದ್ದ ಮೇಜಿನ ಮೇಲೆ ಅಂಗಾತ ಮಲಗಿಯೇಬಿಟ್ಟ. ಟೀವಿ ಕ್ಯಾಮೆರಾಗಳೆಲ್ಲ ಅವನ ಬಿಳಿ ಹೊಟ್ಟೆಯತ್ತ ತಿರುಗಿದವು.

"ನೋಡಿ, ಇಷ್ಟೇ! ಇದಕ್ಕೆ ಇಷ್ಟೊಂದು ರಂಪಾನಾ?"

ಅಮೆರಿಕದ ಕೆಂಟಕಿ ರಾಜ್ಯದ ಶಾಸನಸಭೆಯಲ್ಲಿ ಮೂರು ವಾರದಿಂದ ಇದೇ ಜಗಳ. ಗರ್ಭಪಾತ ಬಯಸುವ ಹೆಂಗಸು ಮೊದಲು ಸ್ಕ್ಯಾನಿಂಗ್ ಮಾಡಿಸಲೇಬೇಕು, ಪರದೆಯಲ್ಲಿ ಕಂಡದ್ದನ್ನೆಲ್ಲ ಸ್ಕ್ಯಾನಿಂಗ್ ಮಾಡುವವರು ಅವಳ ಮುಂದೆ ಗಟ್ಟಿಯಾಗಿ ಹೇಳಲೇಬೇಕು ಎಂಬುದು ಕೂಂಬ್ಸನ ಮಸೂದೆ. ಬೇಡವೆಂದರೆ ಅವಳು ಕಣ್ಣು ಮುಚ್ಚಿಕೊಳ್ಳಬಹುದು, ಕಿವಿ ಮುಚ್ಚಿಕೊಳ್ಳಬಹುದು. ಹೇಳುವುದನ್ನು ಮಾತ್ರ ನಿಲ್ಲಿಸುವಂತಿಲ್ಲ. ಸಮಿತಿಯಲ್ಲಿ ಹನ್ನೊಂದು ಮಂದಿ. ಐವರು ಪರ, ಐವರು ವಿರೋಧ, ಒಬ್ಬ ತೂಗುಯ್ಯಾಲೆ. ಇಂದು ಸೋತರೆ ಕೂಂಬ್ಸನ ಆರು ವರ್ಷದ ಹಟ ಮಣ್ಣುಪಾಲು.

"ಬೇಡ ಅಂದವರಿಗೆ ಬಲವಂತವಾಗಿ ಹೇಳೋದು ಹಿಂಸೆ ಅಲ್ವೇನ್ರೀ?" ಎಂದು ಕೆಣಕಿದ್ದಳು ಲೂಯಿವಿಲ್‌ನ ಶಾಸಕಿ ಟ್ವೈಲಾ ಬರ್ನೆಟ್, ಅವನ ಹಳೇ ಎದುರಾಳಿ. "ನೀವೇ ಒಂದ್ಸಲ ಮಲಗಿ ನೋಡಿ, ಗೊತ್ತಾಗುತ್ತೆ."

ಮಲಗಿದ್ದು ಹಾಗೆ. ಸಾಕ್ಷಿ ಹೇಳಲು ಆಸ್ಪತ್ರೆಯಿಂದ ಯಂತ್ರಸಮೇತ ಬಂದಿದ್ದ ಸ್ಕ್ಯಾನಿಂಗ್ ತಂತ್ರಜ್ಞೆ ನೆಡ್ರಾ ತಣ್ಣನೆಯ ಜೆಲ್ ಸವರಿದಳು. ಕೂಂಬ್ಸ್ ಕಿಸಕ್ಕನೆ ನಕ್ಕ.

"ಅವಳಿ ಇದ್ರೆ ಮೊದಲೇ ಹೇಳಮ್ಮ, ತೊಟ್ಟಿಲು ಎರಡು ತರಬೇಕು!"

"ಹೃದಯ ಏನಾದ್ರೂ ಸಿಕ್ಕಿದ್ರೆ ನಮಗೂ ತೋರ್ಸಮ್ಮ," ಎಂದಳು ಟ್ವೈಲಾ. ಸಭೆ ಗೊಳ್ಳೆಂದಿತು.

"ಇದು ಪಿತ್ತಕೋಶ. ಇದು ಬಲಗಡೆ ಕಿಡ್ನಿ," ಎನ್ನುತ್ತಾ ಹೋದಳು ನೆಡ್ರಾ. ಆಮೇಲೆ ಅವಳ ಕೈ ಒಂದೇ ಕಡೆ ನಿಂತಿತು.

"ಸರ್, ಇಲ್ಲಿಗೆ ಸಾಕು ಮಾಡೋಣ. ಮಿಕ್ಕಿದ್ದನ್ನ ಆಮೇಲೆ ನಿಮಗೊಬ್ರಿಗೇ ಹೇಳ್ತೀನಿ."

ಓಹೋ, ಇದು ಟ್ವೈಲಾಳ ಚಿತಾವಣೆ! ಅರ್ಧಕ್ಕೆ ನಿಲ್ಲಿಸಿ, ಹಿಂಸೆ ಹಿಂಸೆ ಎಂದು ಬೊಬ್ಬೆ ಹೊಡೆಯುವ ಹೂಟ. ಕೂಂಬ್ಸನಿಗೆ ಮೈಯೆಲ್ಲ ಉರಿಯಿತು.

"ನಿಲ್ಲಿಸೋ ಹಾಗಿಲ್ಲ! ಮಸೂದೆ ಓದಿಲ್ವೇನಮ್ಮ? ಕಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳು. ಕೇಳೋದು ಬಿಡೋದು ನನ್ನಿಷ್ಟ. ನೋಡು, ಹೀಗೆ!"

ಎರಡೂ ಕಿವಿಗೆ ಬೆರಳು ತುರುಕಿದ. ಕಣ್ಣು ಮುಚ್ಚಿದ. ಚರ್ಚಿನ ಹಾಡೊಂದನ್ನು ಜೋರಾಗಿ ಹಾಡತೊಡಗಿದ.

ಎರಡು ಚರಣ ಮುಗಿಸಿ ಕಣ್ಣು ಬಿಟ್ಟರೆ ಯಾರೂ ನಗುತ್ತಿರಲಿಲ್ಲ. ಹಿಂದಿನ ಸಾಲಲ್ಲಿ ಕೂತಿದ್ದ ಪಾದ್ರಿಯೊಬ್ಬರು ಕರವಸ್ತ್ರ ತೆಗೆದಿದ್ದರು. ತೂಗುಯ್ಯಾಲೆಯ ಶಾಸಕ ನೆಲ ನೋಡುತ್ತಿದ್ದ. ಅರೆ, ಟ್ವೈಲಾಳ ಕಣ್ಣಲ್ಲೂ ನೀರು!

ಮಸೂದೆಯನ್ನು ಮತಕ್ಕೆ ಹಾಕಿದರು. ಹನ್ನೊಂದಕ್ಕೆ ಹನ್ನೊಂದೂ ಪರ. ಕೂಂಬ್ಸನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಟ್ವೈಲಾ ಬಂದು ಅವನನ್ನು ಬಿಗಿಯಾಗಿ ಅಪ್ಪಿಕೊಂಡಳು.

"ಇಷ್ಟು ವರ್ಷ ನಿಮ್ಮ ಮೇಲೆ ಕೂಗಾಡಿದ್ದನ್ನೆಲ್ಲ ಮನಸ್ಸಲ್ಲಿಟ್ಕೋಬೇಡಿ, ಗ್ರೇಡಿ."

"ಛೆ ಛೆ, ಅದೆಲ್ಲ ಯಾವತ್ತೋ ಮರೆತೆ!"

ಕೊಠಡಿ ಸದ್ದಿಲ್ಲದೆ ಖಾಲಿಯಾಯಿತು. ಕೂಂಬ್ಸ್ ಹೊಟ್ಟೆ ಒರೆಸಿಕೊಂಡು ಗುಂಡಿ ಹಾಕಿಕೊಂಡ. ನೆಡ್ರಾ ಇನ್ನೂ ಅಲ್ಲೇ ನಿಂತಿದ್ದಳು.

"ನೋಡಿದ್ಯೇನಮ್ಮ? ಎಂಥೆಂಥವರನ್ನ ಅಳಿಸಿಬಿಡ್ತು ನನ್ನ ಮಸೂದೆ! ಅಂದ ಹಾಗೆ, ಏನಂದೆ ನೀನು?"

ನೆಡ್ರಾ ಅವನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: "ಹೊಟ್ಟೆಯ ಹಿಂದೆ ನಿಂಬೆಹಣ್ಣಿನಷ್ಟು ಗಡ್ಡೆ ಇದೆ, ಲಿವರಿಗೂ ಹಬ್ಬಿದೆ ಅಂದೆ, ಸರ್."