ಒದ್ದೆ ಕಾಲುಚೀಲ

ಒಗೆದು ಒಣಗಿಸಿದ ಕಾಲುಚೀಲಗಳ ರಾಶಿ ಸುರುವಿಕೊಂಡು, ಸೋಪಕ್ಕ ಒಂದೊಂದಕ್ಕೂ ಜೋಡಿ ಹುಡುಕಿ ಮಡಚುತ್ತಿದ್ದಳು. ಟೆನಿಸ್ ಕ್ಲಬ್ಬಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಅವಳದ್ದೇ ರಾಜ್ಯಭಾರ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಬಾಗಿಲು ದಬ್ಬಿಕೊಂಡು ಬಂದವಳು ಕ್ಲಬ್ಬಿನ ಆಟಗಾರ್ತಿ ಹುಡುಗಿ. ಇನ್ನರ್ಧ ಗಂಟೆಗೆ ಅವಳ ಫೈನಲ್ ಆಟ. ಬೆಂಚಿನ ಮೇಲೆ ಕುಕ್ಕರಿಸಿ ಶೂ ಕಿತ್ತೆಸೆದಳು.

"ಸೋಪಕ್ಕಾ, ಅದು ಕೋರ್ಟಲ್ಲ, ಕಾದ ಕಾವಲಿ. ಅಂಗಾಲು ಧಗಧಗ ಅಂತಿದೆ. ಈ ಸಾಕ್ಸ್ ಐಸ್ ನೀರಲ್ಲಿ ಅದ್ದಿ, ಹಿಂಡಿ ಕೊಡಿ."

"ಅದ್ದಲ್ಲ."

"ಯಾಕೆ, ನೀರಿಗೂ ಬರ ಬಂತಾ?"

"ಹೇಳಿದ್ದು ಕೇಳು. ಕಾಲಿಗೆ ಒಣಗಿದ್ದೇ ತಂಪು. ಒಂದು ಒಣ ಜೋಡಿ ಹಾಕ್ಕೋ, ಇನ್ನೊಂದು ಬ್ಯಾಗಲ್ಲಿಟ್ಕೋ. ಬೆವೆತ ಕೂಡಲೇ ಬದಲಾಯಿಸು. ಬೆರಳ ಹತ್ರ ಲೇಸು ಸಡಿಲ ಬಿಡು, ಕಾಲೂ ಉಸಿರಾಡ್ಬೇಕಲ್ವಾ?"

"ಪುರಾಣ ಆಮೇಲೆ. ಒದ್ದೆ ಮಾಡಿದ್ರೆ ಏನಾಗತ್ತೆ, ಅದನ್ನ ಹೇಳಿ."

"ಮೊದಲನೇ ಸೆಟ್ಟು ಸ್ವರ್ಗ. ಎರಡನೇದ್ರಲ್ಲಿ ಚರ್ಮ ನೆಂದು ಮೆತ್ತಗಾಗತ್ತೆ. ಆಮೇಲೆ ಹಿಮ್ಮಡಿ ತುಂಬ ಗುಳ್ಳೆ, ಗುಳ್ಳೆ ಒಡೆದು ರಕ್ತ."

"ನೀವು ಯಾವಾಗ ಆಡಿದ್ರಿ ಮಹಾರಾಯ್ತಿ?" ಹುಡುಗಿ ಕಿಸಕ್ಕನೆ ನಕ್ಕಳು.

"ಆಡಿದ್ದು ನನ್ನ ತಂಗಿ. ಅದ್ದಿ ಕೊಟ್ಟವಳು ನಾನು."

ಅಂದ ಮೇಲೆ ಸೋಪಕ್ಕನಿಗೇ ದಿಗಿಲಾಯಿತು. ಹನ್ನೊಂದು ವರ್ಷ ತುಟಿ ದಾಟದ ಮಾತು ಎಷ್ಟು ಸಲೀಸಾಗಿ ಜಾರಿಬಿಟ್ಟಿತು!

ಅಪ್ಪ ಬೂಟು ಹೊಲಿಯುವವನು. ತಂಗಿಯ ಫೈನಲ್ಲಿಗೆಂದೇ ಮೂರು ವಾರ ಕೂತು ಒಂದು ಜೋಡಿ ಬಿಳಿ ಕ್ಯಾನ್ವಾಸ್ ಬೂಟು ಹೊಲಿದಿದ್ದ. ತಂಗಿ ಕುಂಟುತ್ತ ಸೋತು ಬಂದಾಗ, ಕೆಂಪಾದ ಬೂಟಿನೊಳಗೆ ಬೆರಳಾಡಿಸಿ, ಒಂದೊಂದೇ ಹೊಲಿಗೆ ತಡವಿ ನೋಡಿ, "ಎಲ್ಲೋ ನನ್ನ ಕೈ ತಪ್ಪಿದೆ" ಅಂದ. ಸೋಪಕ್ಕ ಪಕ್ಕದಲ್ಲೇ ನಿಂತಿದ್ದಳು, ಬಾಯಿ ಬಿಡಲಿಲ್ಲ. ಅಂದಿನಿಂದ ಅಪ್ಪ ಹೊಸ ಬೂಟಿಗೆ ಕೈ ಹಾಕಲಿಲ್ಲ. ಚೀಲದ ಹಿಡಿ, ಬೆಲ್ಟಿನ ತೂತು, ಅಷ್ಟೇ.

ಈಗ ಅವನು ದೂರದ ಊರಲ್ಲಿ ತಂಗಿಯ ಮನೆಯಲ್ಲಿದ್ದಾನೆ. ಕಿವಿ ಪೂರ್ತಿ ಮಂದ, ಫೋನು ಮಾಡಿ ಉಪಯೋಗವಿಲ್ಲ. ಮೊದಲೆಲ್ಲ ಸೋಪಕ್ಕ ಹೋದಾಗ ಅವಳ ಪೇಟೆ ಚಪ್ಪಲಿಯನ್ನೇ ನೋಡುತ್ತ, "ಎಲ್ಲಾದ್ರೂ ಚುಚ್ಚತ್ತಾ ಮಗಾ?" ಅಂತ ಕೇಳುತ್ತಿದ್ದ. ಆ ಪ್ರಶ್ನೆಗೆ ಹೆದರಿ ಅವಳು ಹೋಗುವುದನ್ನೇ ಬಿಟ್ಟಳು. ಬಿಟ್ಟ ಮೇಲೆ, ಅದೇ ದನಿಯಲ್ಲಿ ಅದೇ ಪ್ರಶ್ನೆ ಇನ್ನೊಂದು ಸಲ ಕೇಳಿದರೆ ಸಾಕು ಎಂದು ಜೀವ ಹಪಹಪಿಸುತ್ತಿತ್ತು. ಅಪ್ಪನಿಗೆಂದು ಬರೆದ ನಾಲ್ಕು ಪುಟದ ಕಾಗದವೊಂದು ಸೋಪಿನ ಕಪಾಟಿನಲ್ಲೇ ಹಳದಿಯಾಗಿತ್ತು. ಬಿಸಿಲು, ನೆಗಡಿ, ಒಗೆಯುವ ಹೊಸ ಯಂತ್ರ, ಎಲ್ಲವೂ ಅದರಲ್ಲಿತ್ತು, ಆ ಒಂದು ಮಾತು ಬಿಟ್ಟು.

ಹುಡುಗಿಯ ನಗು ಇಳಿದಿತ್ತು. "ನಿಮ್ಮಪ್ಪ ಇವತ್ತಿಗೂ ಬೂಟಿನದ್ದೇ ತಪ್ಪು ಅಂದ್ಕೊಂಡಿದಾರಾ?"

"ಬೂಟಿನದ್ದಲ್ಲಮ್ಮ, ತನ್ನ ಕೈಯದ್ದು ಅಂದ್ಕೊಂಡಿದಾನೆ."

ಹುಡುಗಿ ಎರಡು ಒಣ ಜೋಡಿ ಎತ್ತಿಕೊಂಡಳು. ಒಂದನ್ನು ಹಾಕಿಕೊಂಡು, ಶೂ ಲೇಸು ಸಡಿಲವಾಗಿ ಕಟ್ಟಿ ಹೊರಟಳು.

ಸೋಪಕ್ಕ ನಾಲ್ಕು ಪುಟವನ್ನೂ ಹರಿದು ಬುಟ್ಟಿಗೆ ಹಾಕಿದಳು. ಬಿಳಿ ಹಾಳೆಯೊಂದನ್ನು ನೆಲಕ್ಕೆ ಹಾಸಿ, ಚಪ್ಪಲಿ ಕಳಚಿ, ಬಲಗಾಲಿಟ್ಟು, ಸೊಂಟ ಹಿಡಿದುಕೊಂಡು ಬಗ್ಗಿ ಪಾದದ ಸುತ್ತ ಪೆನ್ಸಿಲು ಎಳೆದಳು. ಆ ಪಾದದ ಗೆರೆಯೊಳಗೆ ಬರೆದಳು: "ಅಪ್ಪಾ, ಬೂಟು ಸರಿಯಾಗಿತ್ತು. ಕಾಲುಚೀಲ ಒದ್ದೆ ಮಾಡಿದವಳು ನಾನು. ಇದು ನನ್ನ ಅಳತೆ. ಒಂದು ಜೋಡಿ ಹೊಲಿದಿಡು, ಬಂದು ಹಾಕ್ಕೋತೀನಿ."

ಹಾಳೆಯನ್ನು ಲಕೋಟೆಗೆ ತುರುಕಿ, ವಿಳಾಸ ಬರೆದು, ಮನಸ್ಸು ಬದಲಾಗುವ ಮೊದಲೇ ಹೊರಟಳು. ನಡುಮಧ್ಯಾಹ್ನದ ಅಂಗಳ ದಾಟಿ, ಗೇಟಿನ ಪಕ್ಕದ ಅಂಚೆ ಡಬ್ಬಿಯೊಳಗೆ ಕಾಗದ ಬಿದ್ದ ಸದ್ದು ಕೇಳಿದ ಮೇಲೆಯೇ, ತಾನು ಬರಿಗಾಲಲ್ಲಿದ್ದೇನೆ ಎಂಬುದು ಅವಳಿಗೆ ಗೊತ್ತಾಯಿತು.